ಸೈನಿಕ ಸ್ಮಾರಕಕ್ಕೆ ಹೋಗುವ ಮುನ್ನ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಸೈನಿಕ ಪಾರ್ಕ್ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಶಾಲೆಯ ಮೇಷ್ಟ್ರು ಕೇಳುವುದು ಒಂದು, ಯುವಕ ಸಂಘದ ಹುಡುಗರು ಕೇಳುವುದು ಇನ್ನೊಂದು, ಮಗನನ್ನು ಸೈನ್ಯಕ್ಕೆ ಕಳಿಸಿದ ಮನೆಯವರು ಕೇಳುವುದು ಮತ್ತೊಂದು. ಅವನ್ನೆಲ್ಲ ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಬಹಳಷ್ಟು ಉತ್ತರಗಳ ಹಿಂದೆ ಇರುವುದು ಒಂದೇ ಯೋಚನೆ. ಆ ಜಾಗ ಮೊದಲು ಕಲ್ಲಿನ ಮೇಲೆ ಹೆಸರಿರುವವರ ಮನೆಯವರದ್ದು, ಆಮೇಲೆ ನಮ್ಮೆಲ್ಲರದ್ದು.

## ಮೊದಲ ಸಲ ಹೋಗುವವರಿಗೆ

ಶಿವಮೊಗ್ಗದಲ್ಲೇ ಹುಟ್ಟಿ ಬೆಳೆದವನು ನಾನು. ಇಲ್ಲಿ ಸೈನಿಕರ ಸ್ಮಾರಕ ಇದೆಯಾ?

ಇದೆ. ನಗರದಲ್ಲಿ ಸೈನಿಕ ಪಾರ್ಕ್ ಅಂತಲೇ ಒಂದು ಉದ್ಯಾನವಿದೆ. ಅಲ್ಲಿ ಹುತಾತ್ಮ ಯೋಧರ ಸ್ಮಾರಕವಿದೆ. ಕಾರ್ಗಿಲ್ ವಿಜಯ ದಿವಸದಂದು ಮಾಜಿ ಸೈನಿಕರು ಸೇರಿ ಹೂವಿನ ಗೌರವ ಸಲ್ಲಿಸುವುದು ಅಲ್ಲೇ. ದಿನಾ ಅದೇ ರಸ್ತೆಯಲ್ಲಿ ಓಡಾಡಿಯೂ ಒಳಗೆ ಕಾಲಿಡದವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೆಸರಿನಲ್ಲಿ ‘ಪಾರ್ಕ್’ ಇರುವುದರಿಂದ ವಾಕಿಂಗ್ ಜಾಗ ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ.

ನಮ್ಮ ಮನೆಯಲ್ಲಿ ಯಾರೂ ಸೈನ್ಯದಲ್ಲಿಲ್ಲ. ಸುಮ್ನೆ ಹೋಗಿ ನೋಡ್ಕೊಂಡು ಬರಬಹುದಾ?

ಧಾರಾಳವಾಗಿ. ಯಾರನ್ನೂ ಕೇಳಬೇಕಿಲ್ಲ, ಕಾರಣ ಹೇಳಬೇಕಿಲ್ಲ. ಸ್ಮಾರಕ ಕಟ್ಟುವುದೇ ಗುರುತಿಲ್ಲದವರು ಬಂದು ನೋಡಲಿ ಅಂತ. ಮನೆಯವರಿಗೆ ನೆನಪಿಸಿಕೊಳ್ಳಲು ಕಲ್ಲು ಬೇಕಿಲ್ಲ, ಗೋಡೆಯ ಮೇಲೆ ಫೋಟೋ ಇರುತ್ತದೆ. ಬೇಕಿರುವುದು ನಮಗೆ.

ಚಪ್ಪಲಿ ಬಿಡಬೇಕಾ?

ಪಾರ್ಕಿನ ಹಾದಿಯಲ್ಲಿ ಬೇಡ. ಸ್ಮಾರಕದ ಕಟ್ಟೆ ಹತ್ತಿ ಹೂ ಇಡುವುದಾದರೆ ಕೆಳಗೇ ಬಿಟ್ಟು ಹತ್ತಿ. ಅದೊಂದು ನಿಯಮ ಅಂತಲ್ಲ. ಸಮವಸ್ತ್ರದಲ್ಲಿರುವ ಸೈನಿಕರು ಬೂಟು ಹಾಕಿಕೊಂಡೇ ಗೌರವ ಸಲ್ಲಿಸುತ್ತಾರೆ, ಅವರ ಶಿಸ್ತು ಹಾಗೆ. ನಮ್ಮ ಕಡೆಯವರಿಗೆ ಚಪ್ಪಲಿ ಬಿಟ್ಟರೇ ಸಮಾಧಾನ. ಎರಡೂ ಸರಿ. ಮಳೆಗಾಲದಲ್ಲಿ ಮಾತ್ರ ಜೋಪಾನ. ಒದ್ದೆ ಕಲ್ಲಿನ ಮೇಲೆ ಪಾಚಿ ಕಟ್ಟಿದ್ದರೆ ಬರಿಗಾಲೂ ಜಾರುತ್ತದೆ, ವಯಸ್ಸಾದವರನ್ನು ಕೈ ಹಿಡಿದು ಹತ್ತಿಸಿ.

ಏನು ತಗೊಂಡು ಹೋಗಬೇಕು? ಕುಂಕುಮ, ಊದಿನಕಡ್ಡಿ, ಕರ್ಪೂರ ಹಚ್ಚಬಹುದಾ?

ಒಂದು ಹಿಡಿ ಬಿಡಿ ಹೂ ಸಾಕು. ಸೇವಂತಿಗೆ ಆಗಬಹುದು, ಹಿತ್ತಲಿನ ದಾಸವಾಳ ಆಗಬಹುದು. ಏನೂ ಒಯ್ಯದೆ ಹೋದರೂ ತಪ್ಪಿಲ್ಲ. ಪ್ಲಾಸ್ಟಿಕ್ ಸುತ್ತಿದ ಬೊಕ್ಕೆ ಬೇಡ. ಹೂ ಎರಡು ದಿನಕ್ಕೆ ಕೊಳೆಯುತ್ತದೆ, ಪ್ಲಾಸ್ಟಿಕ್ ಅಲ್ಲೇ ಉಳಿದು ಮಳೆ ನೀರು ಹೋಗುವ ಜಾಗಕ್ಕೆ ಸಿಕ್ಕಿಕೊಳ್ಳುತ್ತದೆ.

ಕುಂಕುಮ, ಅರಿಶಿನ, ಎಣ್ಣೆ, ಕರ್ಪೂರ ಇವು ಯಾವುವೂ ಬೇಡ. ಭಕ್ತಿ ಕಡಿಮೆ ಮಾಡಿ ಅಂತ ಹೇಳುತ್ತಿಲ್ಲ. ಕಡೆದ ಅಕ್ಷರಗಳ ಸಂದಿಗೆ ಕುಂಕುಮ ಇಳಿದರೆ ತೆಗೆಯುವುದು ಕಷ್ಟ. ಎಣ್ಣೆ ಕಲ್ಲಿನೊಳಗೆ ಇಂಗಿ ಕಪ್ಪು ಕಲೆ ಆಗುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಕೊನೆಗೆ ಹೆಸರೇ ಓದಲು ಬರುವುದಿಲ್ಲ. ಅಲ್ಲಿರುವವರು ಎಲ್ಲ ಧರ್ಮದವರು ಅನ್ನುವುದೂ ನೆನಪಿರಲಿ. ಹೂವಿಗೆ ಯಾರ ಮನೆಯಲ್ಲೂ ಬೇಡ ಅನ್ನುವವರಿಲ್ಲ.

ಸೆಲ್ಯೂಟ್ ಹೊಡೆಯಬೇಕಾ, ಕೈ ಮುಗಿಯಬೇಕಾ?

ಸೆಲ್ಯೂಟ್ ಸಮವಸ್ತ್ರದವರ ಪದ್ಧತಿ. ಎನ್‌ಸಿಸಿ ಮಕ್ಕಳು ಯೂನಿಫಾರ್ಮ್‌ನಲ್ಲಿದ್ದರೆ ಅವರೂ ಮಾಡುತ್ತಾರೆ. ಉಳಿದವರು ಕೈ ಮುಗಿಯಿರಿ, ಇಲ್ಲವೇ ತಲೆ ಬಾಗಿಸಿ ಒಂದು ಗಳಿಗೆ ನಿಲ್ಲಿ. ಚಿಕ್ಕ ಮಕ್ಕಳು ಪ್ರೀತಿಯಿಂದ ಸೆಲ್ಯೂಟ್ ಹೊಡೆದರೆ ತಡೆಯಬೇಡಿ, ಅದನ್ನು ನೋಡಿ ಬೇಸರ ಮಾಡಿಕೊಳ್ಳುವ ಸೈನಿಕ ಯಾರೂ ಇಲ್ಲ.

ಫೋಟೋ, ರೀಲ್ಸ್ ಮಾಡಬಹುದಾ?

ಫೋಟೋ ತೆಗೆಯಿರಿ. ಕಲ್ಲು, ಹೆಸರು, ಧ್ವಜ ಎಲ್ಲ ತೆಗೆದು ನಾಲ್ಕು ಜನಕ್ಕೆ ತೋರಿಸಿ, ಒಳ್ಳೆಯದೇ. ರೀಲ್ಸ್ ಬಗ್ಗೆ ನನ್ನ ಮಾತು ಖಡಕ್ಕು: ಹೆಸರುಗಳ ಮುಂದೆ ಹಾಡಿಗೆ ಕುಣಿಯುವುದು, ಕಟ್ಟೆಗೆ ಒರಗಿ ಪೋಸ್ ಕೊಡುವುದು ಬೇಡ. ಆ ಸಾಲಿನಲ್ಲಿ ಮಗನ ಹೆಸರಿರುವ ತಾಯಿಯೊಬ್ಬಳು ಅಲ್ಲೇ ಬೆಂಚಿನ ಮೇಲೆ ಕೂತಿರಬಹುದು. ಅವಳ ಎದುರಿಗೆ ಮಾಡಲು ಮನಸ್ಸು ಬಾರದ್ದನ್ನು ಅವಳಿಲ್ಲದಾಗಲೂ ಮಾಡಬಾರದು. ಇನ್ನು, ಅಳುತ್ತಿರುವ ಮನೆಯವರ ಫೋಟೋವನ್ನು ಅವರನ್ನು ಕೇಳದೆ ತೆಗೆಯಲೇಬೇಡಿ.

## ಯಾವ ದಿನ, ಯಾವ ಹೊತ್ತು

ಜುಲೈ 26 ಗೊತ್ತು. ಬೇರೆ ಯಾವ ದಿನ ಹೋಗಬಹುದು?

ಜುಲೈ 26 ಕಾರ್ಗಿಲ್ ವಿಜಯ ದಿವಸ. 1999ರ ಆ ಯುದ್ಧದಲ್ಲಿ ನಮ್ಮ 527 ಯೋಧರು ಪ್ರಾಣ ಕೊಟ್ಟರು. ಡಿಸೆಂಬರ್ 16 ವಿಜಯ ದಿವಸ, 1971ರಲ್ಲಿ ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾದ ದಿನ. ಜನವರಿ 15 ಸೇನಾ ದಿನ. 1949ರಲ್ಲಿ ಅಂದು ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ ಬ್ರಿಟಿಷ್ ಜನರಲ್ ಕೈಯಿಂದ ಸೈನ್ಯದ ಹೊಣೆ ವಹಿಸಿಕೊಂಡರು. ಅದರ ಹಿಂದಿನ ದಿನ, ಜನವರಿ 14, ಮಾಜಿ ಸೈನಿಕರ ದಿನ. ಅದೂ ಕಾರ್ಯಪ್ಪನವರ ನೆನಪಿನದ್ದೇ, 1953ರಲ್ಲಿ ಅವರು ನಿವೃತ್ತರಾದ ದಿನ.

ಇಷ್ಟು ಹೇಳಿದ ಮೇಲೆ, ನನ್ನ ಸಲಹೆ ಬೇರೆ. ಯಾವ ವಿಶೇಷವೂ ಇಲ್ಲದ ಒಂದು ಮಂಗಳವಾರ ಬೆಳಿಗ್ಗೆ ಹೋಗಿ. ಕಾರ್ಯಕ್ರಮದ ದಿನ ಶಾಮಿಯಾನ, ಮೈಕು, ಗಣ್ಯರ ಕುರ್ಚಿ ಇರುತ್ತವೆ. ಅವುಗಳ ಮಧ್ಯೆ ನಿಂತು ಹೆಸರು ಓದಲು ಪುರುಸೊತ್ತು ಸಿಗುವುದಿಲ್ಲ. ಖಾಲಿ ದಿನ ಒಂದೊಂದೇ ಸಾಲು ನಿಧಾನಕ್ಕೆ ಓದಬಹುದು.

ಜುಲೈ ಕೊನೆಗೆ ಇಲ್ಲಿ ಹುಚ್ಚು ಮಳೆ. ಕಾರ್ಯಕ್ರಮ ನಡೆಯುತ್ತಾ? ಕೊಡೆ ಹಿಡಿದುಕೊಂಡು ನಿಲ್ಲಬಹುದಾ?

ಜುಲೈ 26 ಅಂದರೆ ಪುಷ್ಯ ಮಳೆ ಸುರಿಯುವ ಕಾಲ. ಮಲೆನಾಡಿನಲ್ಲಿ ಮಳೆಗೆ ಹೆದರಿದರೆ ಯಾವ ಕಾರ್ಯಕ್ರಮವೂ ನಡೆಯುವುದಿಲ್ಲ. ಕೊಡೆ ಹಿಡಿಯಬಹುದು, ತಪ್ಪೇನಿಲ್ಲ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬರುವವರು ಆಗುಂಬೆ ಸುತ್ತಿನ ಮಳೆಯ ಲೆಕ್ಕ ಹಾಕಿಕೊಂಡು ಒಂದು ಗಂಟೆ ಮೊದಲೇ ಹೊರಡುವುದು ಒಳ್ಳೆಯದು.

ಮೌನದ ಹೊತ್ತಿಗೆ ಒಮ್ಮೆ ಮಾಜಿ ಸೈನಿಕರ ಸಾಲನ್ನು ಗಮನಿಸಿ. ಕೊಡೆ ಮಡಚಿ ಕಾಲ ಬಳಿ ಇಟ್ಟುಬಿಡುತ್ತಾರೆ. ಎಪ್ಪತ್ತು ದಾಟಿದವರ ಟೋಪಿಯ ಅಂಚಿನಿಂದ ನೀರು ಮೂಗಿನ ಮೇಲೆ ತೊಟ್ಟಿಕ್ಕುತ್ತದೆ, ಒರೆಸಿಕೊಳ್ಳಲು ಕೈ ಮೇಲೇಳುವುದಿಲ್ಲ. ನಾವೂ ಹಾಗೇ ನಿಲ್ಲಬೇಕು ಅಂತ ಯಾರೂ ಹೇಳುವುದಿಲ್ಲ. ಆರೋಗ್ಯ ಸರಿ ಇದ್ದವರು ಆ ಎರಡು ನಿಮಿಷ ನೆನೆದರೆ ನಷ್ಟವೇನೂ ಇಲ್ಲ.

ಬ್ಯೂಗಲ್ ಊದುತ್ತಾರೆ, ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ, ಮತ್ತೆ ಊದುತ್ತಾರೆ. ಏನದು?

ಮೊದಲು ಊದುವುದು ‘ಲಾಸ್ಟ್ ಪೋಸ್ಟ್’. ಹಿಂದೆ ಪಾಳೆಯದಲ್ಲಿ ದಿನದ ಕೆಲಸ ಮುಗಿಯಿತು, ಕಾವಲಿನವರೆಲ್ಲ ತಮ್ಮ ಜಾಗದಲ್ಲಿದ್ದಾರೆ ಅಂತ ತಿಳಿಸಲು ರಾತ್ರಿ ಊದುತ್ತಿದ್ದ ಕರೆ ಅದು. ಸತ್ತ ಸೈನಿಕನಿಗೂ ಅದನ್ನೇ ಊದುವ ಪದ್ಧತಿ ಬಂತು, ನಿನ್ನ ಪಾಳಿ ಮುಗಿಯಿತು ಅನ್ನುವ ಅರ್ಥದಲ್ಲಿ. ಆಮೇಲೆ ಎರಡು ನಿಮಿಷ ಮೌನ. ಕೊನೆಗೆ ಊದುವುದು ‘ರೌಸ್’, ಬೆಳಗಿನ ಎಚ್ಚರದ ಕರೆ.

ಈ ನಡುವೆ ‘ಶೋಕ ಶಸ್ತ್ರ’ ಅನ್ನುವ ಆಜ್ಞೆ ಕೇಳಿಸಬಹುದು. ಆಗ ಸೈನಿಕರು ಬಂದೂಕಿನ ನಳಿಗೆಯನ್ನು ಕೆಳಗೆ ಮಾಡಿ ತಲೆ ತಗ್ಗಿಸುತ್ತಾರೆ. ಲಾಸ್ಟ್ ಪೋಸ್ಟ್ ಶುರುವಾದ ಕೂಡಲೇ ಮಾತು ನಿಲ್ಲಿಸಿ. ರೌಸ್ ಮುಗಿಯುವವರೆಗೂ ಅಲುಗಾಡಬೇಡಿ. ಮೊಬೈಲ್ ಸೈಲೆಂಟ್ ಮಾಡುವುದನ್ನು ಮನೆಯಿಂದ ಹೊರಡುವಾಗಲೇ ಮುಗಿಸಿಬಿಡಿ.

ಅಜ್ಜಿಯೊಬ್ಬರು ಸೀರೆಯ ಮೇಲೆ ಬಲಗಡೆ ಪದಕ ಹಾಕಿಕೊಂಡಿದ್ದರು. ತಪ್ಪಾಗಿ ಹಾಕಿದ್ದಾ?

ಸರಿಯಾಗೇ ಹಾಕಿದ್ದಾರೆ. ತಾನು ಗಳಿಸಿದ ಪದಕವನ್ನು ಸೈನಿಕ ಎದೆಯ ಎಡಗಡೆ ಧರಿಸುತ್ತಾನೆ. ತೀರಿಕೊಂಡವರ ಪದಕವನ್ನು ಮನೆಯವರು ಗೌರವದ ಸಮಾರಂಭಗಳಲ್ಲಿ ಬಲಗಡೆ ಧರಿಸುತ್ತಾರೆ. ಬಲಗಡೆ ಪದಕ ಕಂಡರೆ ಅವರು ಗಂಡನನ್ನೋ ಮಗನನ್ನೋ ಕಳೆದುಕೊಂಡವರು ಅಂತ ತಿಳಿಯಿರಿ. ಎದ್ದು ಕುರ್ಚಿ ಬಿಟ್ಟುಕೊಡಿ.

## ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ

ಹೈಸ್ಕೂಲ್ ಮಕ್ಕಳನ್ನು ಕರೆದೊಯ್ಯಬೇಕು. ಹತ್ತೇ ನಿಮಿಷಕ್ಕೆ ಬೇಜಾರು ಅಂತಾರೆ. ಏನು ಮಾಡಿಸಲಿ?

ಭಾಷಣ ಮಾಡಬೇಡಿ, ಕೆಲಸ ಕೊಡಿ. ಒಬ್ಬೊಬ್ಬರೂ ಒಂದು ಹೆಸರು ಆರಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಹೆಸರು, ಹುದ್ದೆ, ರೆಜಿಮೆಂಟ್, ಊರು, ಇಸವಿ, ಕಲ್ಲಿನ ಮೇಲೆ ಏನೇನಿದೆಯೋ ಅಷ್ಟೂ. ಶಾಲೆಗೆ ವಾಪಸ್ ಬಂದ ಮೇಲೆ ಭೂಪಟ ಬಿಚ್ಚಿ ಆ ಊರು ಎಲ್ಲಿದೆ, ಅವರು ಪ್ರಾಣ ಬಿಟ್ಟ ಜಾಗ ಎಲ್ಲಿದೆ ಅಂತ ಹುಡುಕಲಿ. ಸೊರಬದಿಂದಲೋ ಸಾಗರದಿಂದಲೋ ಹೊರಟ ಹುಡುಗ ಕಾರ್ಗಿಲ್ ಹತ್ತಿರದ ದ್ರಾಸ್‌ವರೆಗೆ ಹೋದದ್ದನ್ನು ಬೆರಳಿನಿಂದ ಅಳೆದರೆ ಮಗುವಿಗೆ ಆ ದೂರ ಅರ್ಥವಾಗುತ್ತದೆ. ಜುಲೈನಲ್ಲೂ ಚಳಿ ಬಿಡದ ಆ ಬೆಟ್ಟಗಳ ಮಾತು ಬಂದರೆ ಭೂಗೋಳದ ಪಾಠವೂ ಅಲ್ಲೇ ಆಗುತ್ತದೆ.

ಇನ್ನೊಂದು. ಹತ್ತಿರದಲ್ಲಿರುವ ಮಾಜಿ ಸೈನಿಕರೊಬ್ಬರನ್ನು ಕರೆಯಿರಿ. ಯುದ್ಧದ ಕಥೆ ಹೇಳಿ ಅಂತ ಒತ್ತಾಯ ಮಾಡಬೇಡಿ, ಎಷ್ಟೋ ಜನಕ್ಕೆ ಅದು ಕಷ್ಟ. ಊಟ ಏನು ಮಾಡುತ್ತಿದ್ದಿರಿ, ಮನೆಗೆ ಕಾಗದ ಹೇಗೆ ಬರೆಯುತ್ತಿದ್ದಿರಿ, ರಜೆಗೆ ಊರಿಗೆ ಬರಲು ಎಷ್ಟು ರೈಲು ಬದಲಿಸಬೇಕಿತ್ತು, ಇಂಥದ್ದನ್ನು ಮಕ್ಕಳು ಕೇಳಲಿ. ಮಾತು ತಾನಾಗೇ ಬರುತ್ತದೆ.

ಪ್ರದರ್ಶನಕ್ಕೆ ಇಟ್ಟಿರುವ ಸೈನ್ಯದ ಟ್ಯಾಂಕ್ ಮೇಲೆ ಮಗುವನ್ನು ಕೂರಿಸಿ ಫೋಟೋ ತೆಗೆಯಬಹುದಾ?

ಬೇಡ. ನಿವೃತ್ತಿಯಾದ ಟಿ-55 ಟ್ಯಾಂಕುಗಳನ್ನು ದೇಶದ ಎಷ್ಟೋ ಊರುಗಳಲ್ಲಿ ಹೀಗೆ ಇಟ್ಟಿದ್ದಾರೆ. ಸುಮಾರು 36 ಟನ್ ತೂಕದ, 100 ಮಿಲಿಮೀಟರ್ ಫಿರಂಗಿಯ ಈ ಸೋವಿಯತ್ ಟ್ಯಾಂಕು 1971ರ ಯುದ್ಧದಲ್ಲಿ ನಮ್ಮ ಕಡೆಯಿಂದ ಹೋರಾಡಿತ್ತು. ಮಳೆಯಲ್ಲಿ ಆ ಕಬ್ಬಿಣ ಜಾರುತ್ತದೆ, ಅಂಚುಗಳು ಚೂಪು. ಪಕ್ಕದಲ್ಲಿ ನಿಂತು ತೆಗೆದರೆ ಅದರ ಗಾತ್ರವೂ ಚೆನ್ನಾಗಿ ಕಾಣುತ್ತದೆ. ಇದರೊಳಗೆ ನಾಲ್ಕು ಜನ ಕೂರುತ್ತಿದ್ದರು ಅಂತ ಹೇಳಿ ನೋಡಿ, ಮಗು ಹತ್ತುವುದು ಬಿಟ್ಟು ಒಳಗೆ ಹೇಗಿದ್ದೀತು ಅಂತ ಯೋಚಿಸಲು ಶುರು ಮಾಡುತ್ತದೆ.

ಮಗಳು ಅಲ್ಲಿ ನಿಂತು ‘ಇವರೆಲ್ಲ ಯಾಕೆ ಸತ್ತರು?’ ಅಂತ ಕೇಳಿದಳು. ಏನು ಹೇಳಲಿ?

ನಿಜವನ್ನೇ, ಅವಳ ವಯಸ್ಸಿಗೆ ತಕ್ಕಂತೆ. ಗಡಿ ಕಾಯಲು ಹೋಗಿದ್ದರು, ಅಲ್ಲಿ ಜಗಳ ಆಯಿತು, ಓಡಿಹೋಗದೆ ನಿಂತರು, ಅದಕ್ಕೆ ಪ್ರಾಣ ಹೋಯಿತು. ಇಷ್ಟು ಸಾಕು. ಶತ್ರುವಿನ ಬಗ್ಗೆ ಸಿಟ್ಟು ಬರಿಸಬೇಕಿಲ್ಲ. ಎಲ್ಲರೂ ಗುಂಡು ತಗುಲಿ ಸತ್ತವರಲ್ಲ ಅನ್ನುವುದನ್ನೂ ಹೇಳಿ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಹೋದರು. ಆರು ದಿನ ಹಿಮದಡಿ ಬದುಕಿದ್ದು, ಹೊರತೆಗೆದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನವರು. ಆ ವಾರ ಶಿವಮೊಗ್ಗದ ಹೋಟೆಲುಗಳಲ್ಲೂ ಅವರದೇ ಮಾತು. ಮಕ್ಕಳಿಗೆ ಈ ಕಥೆ ಬೇಗ ಮನಸ್ಸಿಗೆ ಹತ್ತುತ್ತದೆ.

## ಕಲ್ಲಿನ ಮೇಲಿರುವುದನ್ನು ಓದುವುದು

ಹೆಸರಿನ ಹಿಂದೆ ಮುಂದೆ ನಂಬರು, ‘ನಾಯಕ್’, ‘ಆರ್‌ಆರ್’ ಅಂತೆಲ್ಲ ಇರುತ್ತೆ. ಹೇಗೆ ಅರ್ಥ ಮಾಡ್ಕೊಳ್ಳೋದು?

ಎಡಗಡೆಯ ಉದ್ದ ನಂಬರು ಸೈನಿಕನ ಸ್ವಂತ ಸೇವಾ ಸಂಖ್ಯೆ. ಆಮೇಲೆ ಹುದ್ದೆ. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಿಲ್ದಾರ್ ಹೀಗೆ ಮೇಲೇರುತ್ತದೆ. ಅದರ ಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ನಂತರ ಲೆಫ್ಟಿನೆಂಟ್‌ನಿಂದ ಅಧಿಕಾರಿಗಳು. ಸಿಪಾಯಿಗೇ ಬೇರೆ ಬೇರೆ ಹೆಸರಿವೆ: ಫಿರಂಗಿ ದಳದಲ್ಲಿ ಗನ್ನರ್, ಎಂಜಿನಿಯರ್ ದಳದಲ್ಲಿ ಸ್ಯಾಪರ್, ಟ್ಯಾಂಕ್ ದಳದಲ್ಲಿ ಸವಾರ್.

ನಮ್ಮ ಜಿಲ್ಲೆಯ ಮಕ್ಕಳು ಇಲ್ಲೊಂದು ಕಡೆ ಎಡವುತ್ತಾರೆ. ಇಲ್ಲಿ ಹೆಸರಿನ ಕೊನೆಗೆ ‘ನಾಯ್ಕ’ ಇರುವವರು ಜಾಸ್ತಿ. ಹೆಸರಿನ ಮೊದಲು ಬರುವ ‘ನಾಯಕ್’ ಹುದ್ದೆ, ಕೊನೆಗೆ ಬರುವುದು ಮನೆತನದ ಹೆಸರು. ಎರಡೂ ಒಂದೇ ಸಾಲಿನಲ್ಲಿ ಬಂದರೆ ಗಾಬರಿ ಬೇಡ.

ಕೊನೆಯಲ್ಲಿರುವುದು ಯೂನಿಟ್. ಕನ್ನಡದ ಹುಡುಗರು ಜಾಸ್ತಿ ಸಿಗುವುದು ಮದ್ರಾಸ್ ರೆಜಿಮೆಂಟ್, ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಇಂಥ ಕಡೆ. ‘ಆರ್‌ಆರ್’ ಅಂದರೆ ರಾಷ್ಟ್ರೀಯ ರೈಫಲ್ಸ್, ಕಾಶ್ಮೀರದಲ್ಲಿ ಉಗ್ರರ ವಿರುದ್ಧ ಹೋರಾಡಲು 1990ರಲ್ಲಿ ಕಟ್ಟಿದ ಪಡೆ. ಬೇರೆ ಬೇರೆ ರೆಜಿಮೆಂಟಿನವರು ಅಲ್ಲಿಗೆ ನಿಯೋಜನೆ ಮೇಲೆ ಹೋಗುತ್ತಾರೆ. ಅದಕ್ಕೇ ಕೆಲವರ ಹೆಸರಿನ ಮುಂದೆ ಎರಡು ಯೂನಿಟ್ ಕಾಣುತ್ತದೆ.

ವೀರ ಚಕ್ರ, ಕೀರ್ತಿ ಚಕ್ರ, ಸೇನಾ ಪದಕ… ಯಾವುದು ದೊಡ್ಡದು?

ಎರಡು ಸಾಲು ನೆನಪಿಟ್ಟುಕೊಳ್ಳಿ. ಶತ್ರು ಸೈನ್ಯದ ಎದುರು ತೋರಿದ ಶೌರ್ಯಕ್ಕೆ ಪರಮ ವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಅದರ ಹೊರತಾದ ಶೌರ್ಯಕ್ಕೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ. ಸೇನಾ ಪದಕ ಇವುಗಳ ನಂತರದ್ದು. ಪರಮ ವೀರ ಚಕ್ರ ಈವರೆಗೆ ಸಿಕ್ಕಿರುವುದು 21 ಜನಕ್ಕೆ ಮಾತ್ರ, ಅದರಲ್ಲಿ 14 ಮರಣೋತ್ತರ. ಆ 21ರಲ್ಲಿ ಒಬ್ಬರು, ರಾಮ ರಾಘೋಬ ರಾಣೆ, ಹುಟ್ಟಿದ್ದು ಕಾರವಾರದ ಹತ್ತಿರದ ಚೆಂಡಿಯಾದಲ್ಲಿ. 1948ರಲ್ಲಿ ಗುಂಡಿನ ಮಳೆಯ ನಡುವೆ ನೌಶೇರಾದಿಂದ ರಜೌರಿಗೆ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು, ಬದುಕಿ ಬಂದು ಪದಕ ಪಡೆದವರು. ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ 2007ರಲ್ಲಿ ಕಾಶ್ಮೀರದ ಉರಿ ವಲಯದಲ್ಲಿ ಪ್ರಾಣ ಕೊಟ್ಟರು, ಅವರಿಗೆ ಅಶೋಕ ಚಕ್ರ.

ಗೌರವ ಬರಲು ತಡವಾಗುವುದೂ ಉಂಟು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ ಮರಳಲಿಲ್ಲ. ತನ್ನ ಹಳೆಯ ವಿಮಾನದಲ್ಲಿ ಅದಕ್ಕಿಂತ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರನ್ನು ಎದುರಿಸಿದ್ದರು. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಅಂದರೆ 23 ವರ್ಷ ಆದ ಮೇಲೆ. ಪದಕ ಇಲ್ಲದ ಹೆಸರನ್ನು ಸಣ್ಣದು ಅಂದುಕೊಳ್ಳಬಾರದು ಅನ್ನಲು ಇದೊಂದೇ ಸಾಕು. ನೋಡಿದವರು ಬದುಕಿ ಬಂದು ಹೇಳಿದರೆ ತಾನೇ ಪದಕ?

ನಮ್ಮೂರಿನವರೊಬ್ಬರು ಡ್ಯೂಟಿಯಲ್ಲಿದ್ದಾಗಲೇ ತೀರಿಕೊಂಡರು. ಅವರ ಹೆಸರು ಯಾಕಿಲ್ಲ?

ಇದು ನೋವಿನ ಪ್ರಶ್ನೆ. ಸೈನ್ಯದ ದಾಖಲೆಯಲ್ಲಿ ಸಾವುಗಳನ್ನು ಬೇರೆ ಬೇರೆಯಾಗಿ ಬರೆಯುತ್ತಾರೆ. ಯುದ್ಧ ಅಥವಾ ಕಾರ್ಯಾಚರಣೆಯಲ್ಲಿ ಆದದ್ದು ‘ಬ್ಯಾಟಲ್ ಕ್ಯಾಷುಯಲ್ಟಿ’. ಕಾಯಿಲೆ, ರಸ್ತೆ ಅಪಘಾತ, ಹೃದಯಾಘಾತದಂಥವು ಬಹುಮಟ್ಟಿಗೆ ‘ಫಿಸಿಕಲ್ ಕ್ಯಾಷುಯಲ್ಟಿ’. ದೊಡ್ಡ ಸ್ಮಾರಕಗಳಲ್ಲಿ ಸಾಮಾನ್ಯವಾಗಿ ಮೊದಲ ಗುಂಪಿನ ಹೆಸರುಗಳೇ ಇರುತ್ತವೆ. ಮನೆಯವರಿಗೆ ಸಿಗುವ ಪಿಂಚಣಿ, ಪರಿಹಾರವೂ ಈ ವಿಂಗಡಣೆಯನ್ನೇ ಅವಲಂಬಿಸಿರುತ್ತದೆ. ಹಾಗಾಗಿ ದಾಖಲೆಯಲ್ಲಿ ತಪ್ಪಾಗಿದೆ ಅನಿಸಿದರೆ ಸುಮ್ಮನಿರಬೇಡಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಸೇವಾ ದಾಖಲೆ ತೆಗೆದುಕೊಂಡು ಹೋಗಿ, ಅವರ ರೆಕಾರ್ಡ್ ಆಫೀಸಿಗೆ ಬರೆಸಿ.

ಊರಿನಲ್ಲಿ ಕಟ್ಟುವ ಸ್ಮಾರಕಕ್ಕೆ ಈ ಕಟ್ಟುಪಾಡು ಬೇಕಿಲ್ಲ. ಸಮವಸ್ತ್ರದಲ್ಲಿ ಹೋದವನು ಪೆಟ್ಟಿಗೆಯಲ್ಲಿ ಬಂದ. ತಾಯಿಗೆ ಎರಡೂ ಬಗೆಯ ಸಾವು ಒಂದೇ, ಊರಿಗೂ ಒಂದೇ ಆಗಲಿ.

ಪೊಲೀಸರು, ಸಿಆರ್‌ಪಿಎಫ್, ಬಿಎಸ್‌ಎಫ್‌ನವರ ಹೆಸರೂ ಇರುತ್ತಾ?

ಭೂಸೇನೆ, ನೌಕಾಪಡೆ, ವಾಯುಪಡೆ ರಕ್ಷಣಾ ಸಚಿವಾಲಯಕ್ಕೆ ಸೇರಿದವು. ಸಿಆರ್‌ಪಿಎಫ್, ಬಿಎಸ್‌ಎಫ್ ಗೃಹ ಸಚಿವಾಲಯಕ್ಕೆ. ದೆಹಲಿಯಲ್ಲಿ ಇವರಿಗೆ ಬೇರೆಯೇ ರಾಷ್ಟ್ರೀಯ ಪೊಲೀಸ್ ಸ್ಮಾರಕವಿದೆ. ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ, 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಪಡೆಯ ಗುಂಡಿಗೆ ಹತ್ತು ಪೊಲೀಸರು ಬಲಿಯಾದ ದಿನ. ಜಿಲ್ಲಾ ಕೇಂದ್ರಗಳಲ್ಲೂ ಅಂದು ಕಾರ್ಯಕ್ರಮ ಇರುತ್ತದೆ, ಹೋಗಿ ಬನ್ನಿ.

ಈಸೂರಿನ ಹುತಾತ್ಮರನ್ನೂ ಇಲ್ಲೇ ನೆನೆಯಬೇಕಾ?

ಅವರಿಗೆ ಅವರದೇ ಜಾಗವಿದೆ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂತ ಸ್ವತಂತ್ರ ಘೋಷಿಸಿಕೊಂಡ ಹಳ್ಳಿ. 1943ರ ಮಾರ್ಚ್‌ನಲ್ಲಿ ಅಲ್ಲಿನ ಐವರನ್ನು ಗಲ್ಲಿಗೇರಿಸಿದರು. ಅವರು ಸೈನಿಕರಲ್ಲ, ರೈತಾಪಿ ಜನ. ಎರಡನ್ನೂ ಕಲಸಬೇಡಿ. ಈಸೂರಿಗೆ ಬೇರೆ ಒಂದು ದಿನ ಇಟ್ಟುಕೊಂಡು ಹೋಗಿ.

## ಇನ್ನೂ ತಿಳಿಯಬೇಕು ಅನ್ನುವವರಿಗೆ

ಸತ್ತವರ ಹೆಸರು ಕಲ್ಲಿನಲ್ಲಿ ಕೆತ್ತುವುದು ಬ್ರಿಟಿಷರ ಪದ್ಧತಿ ಅಲ್ವಾ?

ಅಲ್ಲವೇ ಅಲ್ಲ. ಬ್ರಿಟಿಷರು ಬರುವುದಕ್ಕಿಂತ ನೂರಾರು ವರ್ಷ ಮೊದಲೇ ನಮ್ಮ ಮಲೆನಾಡಿನ ತುಂಬ ವೀರಗಲ್ಲುಗಳಿದ್ದವು. ಬಳ್ಳಿಗಾವಿಗೆ ಹೋಗಿ ನೋಡಿ. ಅಷ್ಟು ದೂರ ಆಗದಿದ್ದರೆ ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ವಸ್ತು ಸಂಗ್ರಹಾಲಯಕ್ಕೆ ಹೋಗಿ. ಒಂದು ವೀರಗಲ್ಲಿನ ಮುಂದೆ ಕೂತು ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಕೆಲವೊಮ್ಮೆ ಅಟ್ಟಿಕೊಂಡು ಹೋಗುತ್ತಿರುವ ದನಗಳು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಶಿವಲಿಂಗದ ಎದುರು ಅವನು ಕೈಮುಗಿದು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ, ಅವರಿರುವ ತನಕ ಇವನ ಹೆಸರೂ ಇರಲಿ ಅಂತ.

ಈ ಕಲ್ಲುಗಳು ರಾಜರದ್ದಲ್ಲ ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಊರಿನ ದನ ಬಿಡಿಸಲು ಹೋದವರು, ಊರಿಗೆ ದಾಳಿ ಬಂದಾಗ ನಿಂತವರು, ಹೆಂಗಸರ ಮಾನ ಕಾಯಲು ಹೋಗಿ ಸತ್ತವರು, ಎಲ್ಲ ನಮ್ಮ ನಿಮ್ಮಂಥ ಜನ. ಶಾಸನಗಳಲ್ಲಿ ಇನ್ನೊಂದು ಸಂಗತಿ ಮತ್ತೆ ಮತ್ತೆ ಬರುತ್ತದೆ: ನೆತ್ತರುಗೊಡಗೆ. ಸತ್ತ ವೀರನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ. ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳುತ್ತಿರಲಿಲ್ಲ ಅವರು. ಮನೆ ನಡೆಯಲು ಗದ್ದೆಯನ್ನೂ ಕೊಡುತ್ತಿದ್ದರು.

ಬೇರೆ ಊರುಗಳಲ್ಲಿ ಯಾವ ಸ್ಮಾರಕ ನೋಡಲೇಬೇಕು?

ಬೆಂಗಳೂರಿಗೆ ಹೋದಾಗ ನೆಹರೂ ತಾರಾಲಯದ ಬಳಿಯ ರಾಷ್ಟ್ರೀಯ ಸೈನಿಕ ಸ್ಮಾರಕ. ಅಲ್ಲಿ 75 ಅಡಿ ಎತ್ತರದ ಏಕಶಿಲೆಯ ವೀರಗಲ್ಲು ನಿಲ್ಲಿಸಿದ್ದಾರೆ, ಸಾವಿರಾರು ಹೆಸರುಗಳ ಕಲ್ಲಿನ ಫಲಕಗಳಿವೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಿಂದ ಮ್ಯೂಸಿಯಂ ಆಗಿದೆ. ಸಾಗರ, ಹೊನ್ನಾವರ ದಾರಿಯಲ್ಲಿ ಘಟ್ಟ ಇಳಿದು ಕಾರವಾರ ಮುಟ್ಟಿದರೆ ಕಡಲ ತೀರದಲ್ಲಿ ಚಪಲ್ ಯುದ್ಧನೌಕೆಯ ಮ್ಯೂಸಿಯಂ ಇದೆ, ಪರಮ ವೀರ ಚಕ್ರ ಪಡೆದ ರಾಣೆಯವರ ಪ್ರತಿಮೆಯೂ ಅಲ್ಲೇ.

ದೆಹಲಿಗೆ ಹೋದವರು ಇಂಡಿಯಾ ಗೇಟ್ ಮುಂದೆ ಫೋಟೋ ತೆಗೆಸಿಕೊಂಡು ಬಂದುಬಿಡುತ್ತಾರೆ. ಅದರ ಹಿಂದೆಯೇ 2019ರ ಫೆಬ್ರುವರಿ 25ರಂದು ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕವಿದೆ. ಒಂದರೊಳಗೊಂದು ನಾಲ್ಕು ಚಕ್ರಗಳು. ಅವುಗಳಲ್ಲಿ ತ್ಯಾಗ ಚಕ್ರದ ಗೋಡೆಗಳಲ್ಲಿ 25,000ಕ್ಕೂ ಹೆಚ್ಚು ಹೆಸರುಗಳು, ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಇಟ್ಟಿಗೆ. ಹೋಗುವ ಮೊದಲು ನಿಮ್ಮ ತಾಲ್ಲೂಕಿನ ಒಂದು ಹೆಸರು ತಿಳಿದುಕೊಂಡು ಹೋಗಿ, ಅಲ್ಲಿ ಹುಡುಕಿ.

ನಮ್ಮ ಹಳ್ಳಿಯಲ್ಲೂ ಒಂದು ಸ್ಮಾರಕ ಕಟ್ಟಬೇಕು ಅಂತಿದ್ದೇವೆ. ಏನು ನೋಡಿಕೊಳ್ಳಬೇಕು?

ಮೊದಲು ಆ ಮನೆಗೆ ಹೋಗಿ ಕೇಳಿ. ಅವರಿಗೆ ಬೇಕೋ ಬೇಡವೋ, ಎಲ್ಲಿ ಬೇಕು, ಹೆಸರು ಹೇಗೆ ಬರೆಯಬೇಕು. ಪೇಪರಿನಲ್ಲಿ ಬಂದ ಹೆಸರು ನೋಡಿ ಕೆತ್ತಿಸಬೇಡಿ. ದಾಖಲೆಯಲ್ಲಿ ಒಂದು ಇರುತ್ತದೆ, ಮನೆಯಲ್ಲಿ ಇನ್ನೊಂದು. ಕೆತ್ತುವ ಮೊದಲು ಕಾಗದದ ಮೇಲೆ ದೊಡ್ಡದಾಗಿ ಬರೆದು ಮನೆಯವರಿಂದ ಓದಿಸಿ. ಗ್ರಾಮ ಪಂಚಾಯಿತಿಯ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ರಸ್ತೆ ಅಗಲ ಮಾಡುವಾಗ ಕಿತ್ತು ಮೂಲೆಗೆ ಹಾಕುವಂಥ ಜಾಗ ಬೇಡ.

ಕಲ್ಲಿನ ವಿಷಯ. ನಮ್ಮ ಕಡೆ ಜಂಬಿಟ್ಟಿಗೆ ಸುಲಭವಾಗಿ ಸಿಗುತ್ತದೆ, ಕಟ್ಟೆಗೆ ಬಳಸಿ. ಅಕ್ಷರಕ್ಕೆ ಅದು ಬೇಡ, ತೂತು ತೂತು ಇರುವುದರಿಂದ ಮಳೆಗೆ ಸವೆಯುತ್ತದೆ. ಹೆಸರಿಗೆ ಗ್ರಾನೈಟೇ ಆಗಬೇಕು. ಬರೀ ಪೇಂಟ್ ಅಕ್ಷರ ಮಲೆನಾಡಿನ ಮಳೆಗೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಆಳವಾಗಿ ಕೆತ್ತಿಸಿ, ಬೇಕಾದರೆ ಆಮೇಲೆ ಬಣ್ಣ ತುಂಬಿಸಿ. ಕಟ್ಟೆಯ ಮೇಲೆ ನೀರು ನಿಲ್ಲದ ಹಾಗೆ ಸ್ವಲ್ಪ ಇಳಿಜಾರು ಕೊಡಿ. ಪಾಚಿ ಕಟ್ಟಿದರೆ ತೆಂಗಿನ ನಾರು, ನೀರು ಸಾಕು. ಆಸಿಡ್, ತಂತಿ ಬ್ರಷ್ ಹಾಕಿದರೆ ಹೊಳಪು ಹೋಗಿ ಮರುವರ್ಷ ಇನ್ನೂ ಜಾಸ್ತಿ ಪಾಚಿ ಹಿಡಿಯುತ್ತದೆ.

ಉದ್ಘಾಟನೆಗೆ ಬರುವವರ ಹೆಸರಿನ ಫಲಕ ಯೋಧನ ಹೆಸರಿಗಿಂತ ದೊಡ್ಡದಾಗಿರುವುದನ್ನು ಕೆಲವು ಊರುಗಳಲ್ಲಿ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಫಲಕವೇ ಬೇಡ.

ಸ್ಮಾರಕದ ಹತ್ತಿರ ರಾಷ್ಟ್ರಧ್ವಜ ದಿನವೂ ಹಾರಿಸಬಹುದಾ? ಹರಿದರೆ ಏನು ಮಾಡುವುದು?

ಹಾರಿಸಬಹುದು. 2022ರ ಜುಲೈ ತಿದ್ದುಪಡಿಯ ನಂತರ ಸಾರ್ವಜನಿಕರು ಬಯಲಿನಲ್ಲಿ ಹಗಲೂ ರಾತ್ರಿಯೂ ಹಾರಿಸಲು ಅವಕಾಶವಿದೆ. ಆದರೆ ನಮ್ಮ ಗಾಳಿ ಮಳೆಗೆ ಬಟ್ಟೆ ಬೇಗ ಅಂಚು ಬಿಡುತ್ತದೆ. ಹರಿದ, ಬಣ್ಣ ಮಾಸಿದ ಧ್ವಜ ಹಾರಿಸುವಂತಿಲ್ಲ. ಅದನ್ನು ಜನರ ಕಣ್ಣಿಗೆ ಬೀಳದಂತೆ, ಗೌರವದಿಂದ, ಪೂರ್ತಿಯಾಗಿ ಇಲ್ಲವಾಗಿಸಬೇಕು, ಸುಡುವುದೇ ಮೇಲು ಅನ್ನುತ್ತದೆ ಧ್ವಜ ಸಂಹಿತೆ. ಮಳೆಗಾಲ ಪೂರ್ತಿ ನೋಡಿಕೊಳ್ಳಲು ಆಳಿಲ್ಲದಿದ್ದರೆ ವಿಶೇಷ ದಿನಗಳಲ್ಲಿ ಮಾತ್ರ ಹಾರಿಸುವುದು ಮೇಲು. ಖಾದಿ ಧ್ವಜ ಬೇಕಾದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವುದನ್ನೇ ಕೇಳಿ ತರಿಸಿ.

ಹುತಾತ್ಮರ ಮನೆಯವರು ಪಕ್ಕದಲ್ಲೇ ನಿಂತಿದ್ದರೆ ಏನು ಮಾತಾಡಲಿ?

‘ಹೇಗಾಯ್ತು?’ ಅಂತ ಮಾತ್ರ ಕೇಳಬೇಡಿ. ಅದನ್ನು ಅವರು ನೂರು ಜನಕ್ಕೆ ಹೇಳಿ ದಣಿದಿರುತ್ತಾರೆ. ‘ಹೆಮ್ಮೆ ಪಡಬೇಕು ನೀವು’ ಅನ್ನುವುದೂ ಬೇಡ. ಹೆಮ್ಮೆ ಅವರಿಗಿದೆ, ಅದರ ಜೊತೆ ಇನ್ನೂ ಏನೇನೋ ಇದೆ, ಹೇಳಿಕೊಡಲು ನಾವ್ಯಾರು? ‘ಅವರು ಹೇಗಿದ್ದರು?’ ಅಂತ ಕೇಳಿ. ಮೀನು ಹಿಡಿಯಲು ಹೊಳೆಗೆ ಹೋಗುತ್ತಿದ್ದದ್ದು, ರಜೆಗೆ ಬಂದಾಗ ಕಡುಬು ಕೇಳುತ್ತಿದ್ದದ್ದು, ತೋಟದಲ್ಲಿ ನೆಟ್ಟ ಅಡಿಕೆ ಸಸಿ, ಹೀಗೆ ಶುರುವಾದರೆ ಮುಖ ಬೆಳಗುತ್ತದೆ. ಸತ್ತ ದಿನದ ಬಗ್ಗೆ ಎಲ್ಲರೂ ಕೇಳುತ್ತಾರೆ, ಬದುಕಿದ್ದ ದಿನಗಳ ಬಗ್ಗೆ ಕೇಳುವವರು ಕಡಿಮೆ. ಮಾತು ಬೇಡ ಅನಿಸಿದರೆ ಕೈ ಮುಗಿದು ಸರಿದು ನಿಂತು ಜಾಗ ಬಿಡಿ.

ನೋಡಿ ಬಂದ ಮೇಲೆ ಏನಾದರೂ ಮಾಡಬೇಕು ಅನಿಸುತ್ತೆ. ದುಡ್ಡು ಎಲ್ಲಿ ಕೊಡಲಿ?

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೆದು ಬಂದಿದೆ. ಅಂದು ಕೊಡುವ ಚಿಕ್ಕ ಧ್ವಜದಲ್ಲಿ ಕೆಂಪು, ಕಡು ನೀಲಿ, ತಿಳಿ ನೀಲಿ ಮೂರು ಪಡೆಗಳ ಗುರುತು. ಆ ನಿಧಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ, ಗಾಯಗೊಂಡವರಿಗೆ, ಮಾಜಿ ಸೈನಿಕರ ಮನೆಗಳಿಗೆ ಹೋಗುತ್ತದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಗುರುತಿಲ್ಲದ ಖಾತೆ ಸಂಖ್ಯೆಗಳಿಗೆ ಹಾಕಬೇಡಿ.

ದುಡ್ಡಿಗಿಂತ ಕೈಕೆಲಸ ಬೇಕಾದ ಮನೆಗಳೂ ಇವೆ. ಸೈನ್ಯದ ಪಿಂಚಣಿ ಈಗ ‘ಸ್ಪರ್ಶ್’ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಅಂತ ಗುರುತು ಕೊಡದಿದ್ದರೆ ಪಿಂಚಣಿ ನಿಲ್ಲಬಹುದು. ನೆಟ್‌ವರ್ಕ್ ಸಿಗದ ಘಟ್ಟದ ಹಳ್ಳಿಯಲ್ಲಿ ಒಬ್ಬರೇ ಇರುವ ವಯಸ್ಸಾದ ತಾಯಿಗೆ ಇದು ದೊಡ್ಡ ತಲೆನೋವು. ನಿಮ್ಮ ಊರಿನಲ್ಲಿ ಅಂಥ ಮನೆ ಇದ್ದರೆ ವರ್ಷಕ್ಕೊಂದು ದಿನ ಗಾಡಿಯಲ್ಲಿ ಕರೆದುಕೊಂಡು ಹೋಗಿ ಆ ಕೆಲಸ ಮುಗಿಸಿಕೊಡಿ. ಆಧಾರ್ ಕಾರ್ಡು, ಪಿಂಚಣಿ ಆದೇಶದ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕು, ಅವರ ಮೊಬೈಲ್ ನಾಲ್ಕೂ ಜೊತೆಗಿರಲಿ.